ಮುಖಕ್ಕೇ ಇಲ್ಲ ಅನ್ನುವ ಊರಲ್ಲಿ ಐದು ದಿನ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆ ಎಷ್ಟು ಚೊಕ್ಕಟ, ರೈಲು ಹೇಗೆ ನಿಮಿಷಕ್ಕೆ ಸರಿಯಾಗಿ ಬಂತು ಎಂದು ಹೇಳುತ್ತಾರೆ. ನಾನು ಅದನ್ನೆಲ್ಲ ಹೇಳಲು ಹೊರಟರೆ ಯಡಿಯೂರಿನ ನಮ್ಮ ಮನೆಯಲ್ಲೇ ಯಾರೂ ಕೇಳುವುದಿಲ್ಲ; ಎಲ್ಲರೂ ಯೂಟ್ಯೂಬಿನಲ್ಲಿ ನೋಡಿಯಾಗಿದೆ. ಹಾಗಾಗಿ ನೆದರ್‌ಲ್ಯಾಂಡ್ಸಿನಲ್ಲಿ ನಾನು ಕಂಡ ಒಂದೇ ಒಂದು ಸಂಗತಿ ಹೇಳುತ್ತೇನೆ. ಅಲ್ಲಿನ ಬ್ಯಾಂಕಿನವರು ಸಾಲ ಕೊಡುವುದಿಲ್ಲ ಅಂದರೆ ಕೊಡುವುದಿಲ್ಲ ಎಂದು ಬಾಯಿ ಬಿಟ್ಟು ಹೇಳುತ್ತಾರೆ. ಇದೇನು ಮಹಾ ಅನ್ನಬೇಡಿ. ನನಗೆ ನಲವತ್ತಾರು ವರ್ಷ, ಅಂಥದ್ದನ್ನು ನಾನು ಕಂಡಿರಲಿಲ್ಲ.

ಹೊರಡುವ ಮುಂಚೆ

ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಅಧ್ಯಯನ ಕೇಂದ್ರವಿದೆ. ಕೇಂದ್ರ ಅಂದರೆ ಎರಡು ಕೋಣೆ, ನಾಲ್ಕು ಬೀರು, ಆಗಾಗ ಮುನಿಸಿಕೊಳ್ಳುವ ಒಂದು ಪ್ರಿಂಟರ್, ವಾಸುದೇವ ಸಾರ್ ಮತ್ತು ನಾನು. ಸಾರ್ ನನಗೆ ಬಿ.ಕಾಂ.ನಲ್ಲಿ ಬ್ಯಾಂಕಿಂಗ್ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಈ ಕೇಂದ್ರ ಕಟ್ಟಿಕೊಂಡು, ಸಣ್ಣ ಬ್ಯಾಂಕುಗಳು, ಬಡಾವಣೆಯ ಪತ್ತಿನ ಸಹಕಾರ ಸಂಘಗಳು ಹೇಗೆ ನಡೆಯುತ್ತವೆ ಎಂದು ಬರೆಯುತ್ತಾರೆ. ಅವರು ಬರೆಯುತ್ತಾರೆ, ನಾನು ಅಲೆಯುತ್ತೇನೆ. ಎರಡು ವರ್ಷ ಬನಶಂಕರಿ, ಸಿದ್ದಾಪುರ, ಜೆ.ಪಿ. ನಗರದ ಸಂಘಗಳ ಮೆಟ್ಟಿಲು ಹತ್ತಿ ಇಳಿದು, ಯಾರು ಸಾಲ ಕೇಳಿದರು, ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಫಾರಂ ತುಂಬಿಸಿಕೊಂಡು ಬಂದವಳು ನಾನು. ಮಳೆಯಲ್ಲಿ ನೆನೆದ ಫಾರಂಗಳನ್ನು ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿದವಳೂ ನಾನೇ.

ಅದೆಲ್ಲ ಸೇರಿ ಪುಸ್ತಕವಾಗುವುದರಲ್ಲಿತ್ತು. ಪುಸ್ತಕದ ಮುಖ್ಯ ಮಾತು ಇಷ್ಟು: ನಮ್ಮ ಸಣ್ಣ ಸಂಘಗಳು ದೊಡ್ಡ ಬ್ಯಾಂಕುಗಳ ಹಾಗಲ್ಲ, ಮುಖ ನೋಡಿ ನಂಬುತ್ತವೆ, ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅಪರೂಪ. ರಕ್ಷಾಪುಟದ ಕರಡು ಬಂದಾಗ ನೋಡಿದೆ. ಒಂದೇ ಹೆಸರಿತ್ತು, ಸಾರ್ ಹೆಸರು.

“ಸಾರ್, ನನ್ನ ಹೆಸರು?” ಎಂದೆ.

“ನೋಡೋಣಮ್ಮ. ಅದಕ್ಕೇನು ಅವಸರ?” ಎಂದರು.

ಮೂರು ಸಲ ಕೇಳಿದೆ. ಮೂರನೇ ಸಲ, “ಆ ಊರಿಗೆ ಹೋಗ್ಬಿಟ್ಟು ಬರೋಣ ವಿಮಲಾ, ಬಂದ್ಮೇಲೆ ನೋಡೋಣ” ಎಂದರು. ಬಂದ ವಾರವೇ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಉಟ್ರೆಕ್ಟ್ ಎಂಬ ಊರಿನ ಸಹಕಾರಿ ಬ್ಯಾಂಕೊಂದರ ಸಂಶೋಧನಾ ವಿಭಾಗದವರು ಸಾರ್‌ರನ್ನು ಭಾಷಣಕ್ಕೆ ಕರೆದಿದ್ದರು. ಕಣ್ಣಿನ ಪೊರೆಯ ಆಪರೇಷನ್ ಆಗಿದ್ದರಿಂದ ಅವರಿಗೆ ಜೊತೆ ಬೇಕಿತ್ತು, ಲ್ಯಾಪ್‌ಟಾಪ್ ಹೊರುವವರೂ ಬೇಕಿತ್ತು. ನಾನು ವಿಮಾನ ಹತ್ತಿದ್ದು ಟುಲಿಪ್ ಹೂವು ನೋಡುವ ಆಸೆಗಲ್ಲ. ನನ್ನ ಹೆಸರು ಬರುತ್ತದೋ ಇಲ್ಲವೋ, ಅದೊಂದು ಇತ್ಯರ್ಥವಾಗಲಿ ಎಂದು.

ಸೋಮವಾರ, ಕೆಂಪು ದಾರಿಯಲ್ಲಿ

ಹೋಟೆಲಿನಿಂದ ಹೊರಟು ಐದು ನಿಮಿಷವಾಗಿರಲಿಲ್ಲ, ಬೈಗುಳ ತಿಂದೆವು. ಸಾರ್ ದಾರಿ ನೋಡಲು ಮೊಬೈಲು ತೆಗೆದು ನಿಂತರು. ನಿಂತದ್ದು ಕೆಂಪು ಬಣ್ಣದ ಅಗಲವಾದ ಪಟ್ಟಿಯ ಮೇಲೆ. ನನಗೂ ಅದು ಒಳ್ಳೆಯ ಫುಟ್‌ಪಾತ್ ಅನ್ನಿಸಿತು, ಪಕ್ಕದಲ್ಲಿ ನಿಂತೆ. ಗಂಟೆಯ ಸದ್ದು ಕೇಳಿ ತಿರುಗಿದರೆ ಹತ್ತಾರು ಸೈಕಲ್ಲುಗಳು ನಮ್ಮ ಮೇಲೆಯೇ ಬರುತ್ತಿವೆ. ಬುಟ್ಟಿ ತುಂಬ ಸೊಪ್ಪು ಇಟ್ಟುಕೊಂಡಿದ್ದ ಒಬ್ಬ ಅಜ್ಜಿ ಬ್ರೇಕು ಹಾಕಿ ಇಳಿದೇಬಿಟ್ಟರು.

“ಇದು ಸೈಕಲ್ಲಿಗೆ. ಅದು ನಿಮಗೆ. ಇಲ್ಲಿ ನಿಂತರೆ ನಿಮಗೂ ಏಟು, ನನಗೂ ಏಟು,” ಎಂದು ಇಂಗ್ಲಿಷಿನಲ್ಲಿ ಹೇಳಿ, ಕೈ ಬೀಸಿ ಹೊರಟುಹೋದರು. ಮುಖದಲ್ಲಿ ಸಿಟ್ಟಿರಲಿಲ್ಲ.

ನಮ್ಮ ಬಿಟಿಎಂ ಲೇಔಟಿನಲ್ಲಿ ಫುಟ್‌ಪಾತಿನ ಮೇಲೆಯೇ ಬೈಕು ಬಂದು ನಮಗೇ ಹಾರನ್ ಹೊಡೆಯುತ್ತದೆ. ನಾವು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತೇವೆ, ಅವನು ಹೋದ ಮೇಲೆ ಗೊಣಗುತ್ತೇವೆ. ಸಾರ್ ಮಾತ್ರ ಆ ಅಜ್ಜಿಯ ಮಾತಿಗೆ ಮಧ್ಯಾಹ್ನದವರೆಗೂ ನೊಂದುಕೊಂಡಿದ್ದರು. “ಎಂಥಾ ಒರಟು ಜನ ಅಲ್ವೇನಮ್ಮ?” ಎಂದು ಎರಡು ಸಲ ಕೇಳಿದರು.

ನಮ್ಮನ್ನು ಎದುರುಗೊಂಡವಳು ಮಾರ್ಲೀಸ್ ಎಂಬ ಸಂಶೋಧಕಿ. ಮೂವತ್ತೈದಿರಬಹುದು. ಕೈ ಕುಲುಕಿ, “ವಾಸುದೇವ ಉದ್ದವಾಯಿತು, ವಾಸು ಅನ್ನಲಾ?” ಎಂದಳು. ಸಾರ್‌ರನ್ನು ಹಾಗೆ ಕರೆದವರು ಅವರ ತಾಯಿ ಒಬ್ಬರೇ ಇರಬೇಕು. ತಬ್ಬಿಬ್ಬಾಗಿ ತಲೆಯಾಡಿಸಿದರು. ಅವಳು ಅದನ್ನು ಒಪ್ಪಿಗೆ ಎಂದುಕೊಂಡಳು. ಅಲ್ಲಿಂದಾಚೆ ಬ್ಯಾಂಕಿನ ಬಾಗಿಲಲ್ಲಿ ಕೂರುವವನಿಗೂ ಸಾರ್ ಬರೀ ವಾಸು, ಮುಖ್ಯಸ್ಥರಿಗೂ ವಾಸು. ನನಗೆ ಒಳಗೊಳಗೇ ಸಖತ್ ಖುಷಿ, ಸುಳ್ಳು ಯಾಕೆ ಹೇಳಲಿ. ಆದರೆ ಅವಳನ್ನು ‘ಮೇಡಂ’ ಅನ್ನುವುದನ್ನು ನನಗೆ ಐದು ದಿನವೂ ಬಿಡಲಾಗಲಿಲ್ಲ.

ಮಂಗಳವಾರ, ಮಜ್ಜಿಗೆ

ಬ್ಯಾಂಕಿನ ಮುಖ್ಯಸ್ಥರು ಸೈಕಲ್ಲಿನಲ್ಲಿ ಬಂದರು. ಪ್ಯಾಂಟಿನ ಅಂಚಿಗೆ ಕ್ಲಿಪ್ಪು ಹಾಕಿಕೊಂಡಿದ್ದರು. ತಾವೇ ಕಾಫಿ ಬಗ್ಗಿಸಿ ಕೊಟ್ಟರು, ಬಿಸ್ಕತ್ತಿನ ಡಬ್ಬಿ ತೆರೆದು ಒಬ್ಬೊಬ್ಬರಿಗೆ ಒಂದೊಂದು ಹಿಡಿದು ಮುಚ್ಚಳ ಮುಚ್ಚಿಬಿಟ್ಟರು. ಎರಡನೆಯದಕ್ಕೆ ಕೈ ಚಾಚಿದ್ದ ಸಾರ್ ಆ ಕೈಯನ್ನು ಕನ್ನಡಕದ ಕಡೆ ತಿರುಗಿಸಿಕೊಂಡರು. ನಮ್ಮಲ್ಲಿ ಹೀಗೆ ಡಬ್ಬಿ ಮುಚ್ಚಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ಮಧ್ಯಾಹ್ನದ ಊಟವೆಂದರೆ ಬ್ರೆಡ್ಡು, ಚೀಸು, ತಣ್ಣನೆಯದು. ಇನ್ನು ಮೂರು ದಿನ ಹೇಗಪ್ಪಾ ಎಂದುಕೊಳ್ಳುವಾಗ ಒಬ್ಬರು ದೊಡ್ಡ ಲೋಟದಲ್ಲಿ ಬೆಳ್ಳಗೆ ಏನೋ ಕುಡಿಯುತ್ತಿರುವುದು ಕಂಡಿತು. ಮಜ್ಜಿಗೆ! ಶುದ್ಧ ಮಜ್ಜಿಗೆ! ಉಪ್ಪಿಲ್ಲ, ಇಂಗಿಲ್ಲ, ಕರಿಬೇವಂತೂ ಕೇಳಲೇಬೇಡಿ. ಆದರೂ ಸಾರ್ ಕಣ್ಣಲ್ಲಿ ನೀರು ಬಂತು. ಕೈಚೀಲದಿಂದ ನಮ್ಮ ಉಪ್ಪಿನಕಾಯಿ ಹೊರತೆಗೆದೆ. ಸಾರ್ ಅಲ್ಲಿಯವರೆಗೆ ಆಡಿದ್ದ ಟೀಕೆಗಳನ್ನೆಲ್ಲ ವಾಪಸ್ ತೆಗೆದುಕೊಂಡರು.

ಅಂದು ಕಸ ಗುಡಿಸುವ ಹೆಂಗಸಿನ ಹುಟ್ಟುಹಬ್ಬ. ಅವರೇ ಮನೆಯಿಂದ ಸೇಬಿನ ಕೇಕು ಮಾಡಿ ತಂದಿದ್ದರು. ಎಲ್ಲರೂ ಕುರ್ಚಿಗಳನ್ನು ದುಂಡಗೆ ಹಾಕಿ ಕೂತರು. ಅಲ್ಲಿನ ಪದ್ಧತಿ ಏನೆಂದರೆ ಹುಟ್ಟಿದವರಿಗೆ ಮಾತ್ರವಲ್ಲ, ಸುತ್ತ ಕೂತವರಿಗೆಲ್ಲ ಶುಭಾಶಯ ಹೇಳಬೇಕು. ‘ನಿಮ್ಮ ಸಹೋದ್ಯೋಗಿ ಹುಟ್ಟಿದ್ದಕ್ಕೆ ನಿಮಗೆ ಅಭಿನಂದನೆ’ ಎಂದು ಮುಖ್ಯಸ್ಥರು ನನ್ನ ಕೈಯನ್ನೂ ಕುಲುಕಿದರು. ಆಮೇಲೆ ಆ ಹೆಂಗಸು ಅವರ ಕಡೆ ಬೆರಳು ತೋರಿಸಿ ಏನೋ ಹೇಳಿದರು, ಎಲ್ಲರೂ ನಕ್ಕರು. ಏನೆಂದು ಮಾರ್ಲೀಸಳನ್ನು ಕೇಳಿದೆ. “ನೀವು ನಿನ್ನೆ ಕಪ್ಪು ತೊಳೆಯದೆ ಹೋದಿರಿ, ಇವತ್ತು ತಟ್ಟೆಗಳೆಲ್ಲ ನಿಮ್ಮವು ಅಂತ ಹೇಳಿದಳು” ಎಂದಳು. ಮುಖ್ಯಸ್ಥರು ತೋಳು ಮಡಚಿ ತಟ್ಟೆ ತೊಳೆಯಲು ಹೋದರು. ನಾನು ಬೆರಗಾಗಿ ಕೂತಿದ್ದೆ. ನಮ್ಮ ಎರಡು ಕೋಣೆಯ ಕೇಂದ್ರದಲ್ಲಿ ಸಾರ್ ಕಪ್ಪನ್ನು ಒಂಬತ್ತು ವರ್ಷದಿಂದ ತೊಳೆಯುತ್ತಿರುವುದು ಯಾರು ಎಂಬುದು ಇಬ್ಬರಿಗೂ ಗೊತ್ತು. ಸಾರ್ ಆ ಹೊತ್ತಿನಲ್ಲಿ ನನ್ನ ಮುಖ ನೋಡಲಿಲ್ಲ.

ಬುಧವಾರ, ಹಳ್ಳಿಯ ಶಾಖೆ

ಈ ದಿನಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇನೆ. ಒಂದು ಗಂಟೆಯ ರೈಲು ಪ್ರಯಾಣದ ಆಚೆ, ಹಸುಗಳು ಮೇಯುವ ಬಯಲಿನ ನಡುವೆ ಒಂದು ಊರು. ಅಲ್ಲಿನ ಶಾಖೆಯ ಸಾಲದ ಅಧಿಕಾರಿ ಪೀಟರ್, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರದ ಆಳು. ಅಂದು ಯೋಹಾನಾ ಎಂಬ ಐವತ್ತರ ಹೆಂಗಸು ಸಾಲದ ಉತ್ತರ ಕೇಳಲು ಬಂದಿದ್ದಳು. ಊರಿನ ಹಳೇ ಅಂಚೆ ಕಚೇರಿಯ ಕಟ್ಟಡದಲ್ಲಿ ಬ್ರೆಡ್ಡಿನ ಅಂಗಡಿ ಇಡಬೇಕೆಂದು ಅವಳ ಆಸೆ. ಭಾರತದಿಂದ ಇಬ್ಬರು ಬಂದಿದ್ದಾರೆ, ಕೂತು ನೋಡಬಹುದಾ ಎಂದು ಅವಳನ್ನು ಮೊದಲೇ ಕೇಳಿದ್ದರು. “ನೋಡಲಿ, ನನಗೇನು,” ಅಂದಳಂತೆ. ಮಾರ್ಲೀಸ್ ನಮ್ಮ ಪಕ್ಕ ಕೂತು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಪೀಟರ್ ಫೈಲು ತೆರೆದ. “ಯೋಹಾನಾ, ಸಾಲ ಇಲ್ಲ ಅನ್ನುವುದೇ ಉತ್ತರ. ಅದನ್ನು ಮೊದಲು ಹೇಳಿಬಿಡುತ್ತೇನೆ. ಯಾಕೆ ಅನ್ನುವುದನ್ನು ಈಗ ಮಾತಾಡೋಣ.”

ಸಾರ್ ಕಾಫಿ ಕಪ್ಪು ಕೆಳಗಿಟ್ಟು, “ಅಯ್ಯೋ ಪಾಪ, ಮುಖದ ಮೇಲೆ ಹೊಡ್ದಂಗೆ ಅಂದ್ಬಿಟ್ನಲ್ಲಮ್ಮ!” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಯೋಹಾನಾಳ ಮುಖ ಕೆಂಪಾಯಿತು. ಆದರೆ ಎದ್ದು ಹೋಗಲಿಲ್ಲ. ಮುಕ್ಕಾಲು ಗಂಟೆ ಇಬ್ಬರೂ ವಾದ ಮಾಡಿದರು. ಕಟ್ಟಡದ ಬಾಡಿಗೆ ಕರಾರು ಒಂದೇ ವರ್ಷದ್ದು ಎಂದು ಅವನು, ಅದನ್ನು ಮಾಲೀಕನ ಹತ್ತಿರ ಮಾತಾಡುತ್ತೇನೆ ಎಂದು ಅವಳು. ನಿನಗೆ ಕಾಯಿಲೆಯಾದರೆ ಬ್ರೆಡ್ಡು ಬೇಯಿಸುವವರು ಯಾರು ಎಂದು ಅವನು. ನನ್ನ ತಂಗಿ ಎಂದು ಅವಳು ಮೇಜು ಕುಟ್ಟಿದಳು. ಅದೊಂದನ್ನು ಅವನು ಒಪ್ಪಿ, ತನ್ನ ಹಾಳೆಯ ಮೇಲೆ ಗೀಟು ಎಳೆದ. ಕೊನೆಗೆ ಮೂರು ಕಾರಣಗಳು ಉಳಿದವು. ಅವನ್ನು ಒಂದೇ ಪುಟದಲ್ಲಿ ಬರೆದು, ಸಹಿ ಹಾಕಿ, ತನ್ನ ಫೋನ್ ನಂಬರೂ ಬರೆದು ಕೊಟ್ಟ. ಕೈ ಕುಲುಕಿಕೊಂಡರು.

ಹೊರಗೆ ಅವಳು ಸೈಕಲ್ಲಿನ ಬೀಗ ತೆಗೆಯುತ್ತಿದ್ದಳು. ತಡೆಯಲಾರದೆ ಕೇಳಿದೆ, “ಬೇಜಾರಾಗಲಿಲ್ಲವಾ?”

“ಆಯಿತು. ತುಂಬ ಆಯಿತು,” ಎಂದಳು. “ಆದರೆ ಇವತ್ತೇ ಗೊತ್ತಾಯಿತಲ್ಲ. ಈ ಮೂರರಲ್ಲಿ ಎರಡು ನನ್ನ ಕೈಯಲ್ಲೇ ಇವೆ. ನಾಳೆ ಬೆಳಿಗ್ಗೆ ಕಟ್ಟಡದ ಮಾಲೀಕನ ಹತ್ತಿರ ಹೋಗುತ್ತೇನೆ.”

ಅವಳು ಹೋದಳು. ನಾನು ಅಲ್ಲೇ ನಿಂತೆ. ನನಗೆ ಸಿದ್ದಾಪುರದ ಲಲಿತಮ್ಮ ನೆನಪಾದರು. ಅವರು ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದವರು. ಎರಡು ಮಿಷನ್ನು ಕೊಂಡು, ಬೀದಿಯ ತುದಿಯಲ್ಲಿ ಖಾಲಿಯಿದ್ದ ಅಂಗಡಿ ಹಿಡಿಯಬೇಕೆಂದು ಸಂಘದಲ್ಲಿ ಸಾಲ ಕೇಳಿದ್ದರು. ಸಂಘದ ಕಾರ್ಯದರ್ಶಿ ಬಹಳ ಮರ್ಯಾದಸ್ಥ. “ಬನ್ನಿ ತಾಯಿ” ಎಂದು ಕೂರಿಸಿ, ಕಾಫಿ ತರಿಸಿ, ಮಗಳ ಪರೀಕ್ಷೆ ವಿಚಾರಿಸಿ, “ಕಮಿಟಿ ಇನ್ನೂ ಕೂತಿಲ್ಲ, ಮುಂದಿನ ಗುರುವಾರ ಬನ್ನಿ” ಎನ್ನುತ್ತಿದ್ದರು. ಯುಗಾದಿಯಿಂದ ದಸರೆಯವರೆಗೆ ಲಲಿತಮ್ಮ ಗುರುವಾರಗಳನ್ನು ಕಳೆದರು. ಅಷ್ಟರಲ್ಲಿ ಅಂಗಡಿ ಮೊಬೈಲ್ ಕವರ್ ಮಾರುವವನ ಪಾಲಾಯಿತು. ಯಾಕೆ ಕೊಡಲಿಲ್ಲ ಎಂದು ನಾನು ಕಾರ್ಯದರ್ಶಿಯನ್ನು ಕೇಳಿದ್ದೆ. “ಕೊಡಲ್ಲ ಅಂತ ನಾನೆಲ್ಲಿ ಅಂದೆ ಮೇಡಂ? ಹೆಣ್ಮಗಳು, ನೊಂದ್ಕೊಳ್ಳೋದು ಬೇಡ ಅಂತ...” ಎಂದಿದ್ದರು.

ನಾನು ಏನು ಮಾಡಿದ್ದೆ? ಲಲಿತಮ್ಮನವರ ಫಾರಂನಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಬರೆದಿದ್ದೆ. ಅಂಥ ಫಾರಂಗಳು ಒಂದಲ್ಲ, ಒಂದು ಕಟ್ಟು. ಕೊಟ್ಟದ್ದು ಇಷ್ಟು, ನಿರಾಕರಿಸಿದ್ದು ಇಷ್ಟು ಎಂದು ಲೆಕ್ಕ ಹಾಕಿದಾಗ ಆ ಕಟ್ಟನ್ನು ಬದಿಗಿಟ್ಟೆವು. ಇನ್ನೂ ತೀರ್ಮಾನವಾಗಿಲ್ಲವಲ್ಲ! ಹಾಗಾಗಿಯೇ ನಮ್ಮ ಸಂಘಗಳು ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ ಎಂಬ ಚೆಂದದ ಮಾತು ಹೊರಬಂದಿತ್ತು. ಎರಡು ವರ್ಷ ನನಗೂ ಸಾರ್‌ಗೂ ಅದು ತಪ್ಪು ಎಂದು ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ನಾವು ಹುಟ್ಟಿದಾಗಿನಿಂದ ಹೀಗೇ ಇದ್ದೇವೆ. ಹೆಣ್ಣು ನೋಡಿ ಹೋದವರು ಒಲ್ಲೆ ಅನ್ನುವುದಿಲ್ಲ, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಅನ್ನುತ್ತಾರೆ.

ವಾಪಸ್ ಬರುವ ರೈಲಿನಲ್ಲಿ ಸಾರ್‌ಗೆ ಹೇಳಲು ಹೊರಟೆ. “ಸಾರ್, ಆ ಪರಿಶೀಲನೆ ಫಾರಂಗಳದ್ದು ಒಂಚೂರು...”

“ನಾಳೆ ಭಾಷಣ ಮುಗೀಲಮ್ಮ. ಆಮೇಲೆ ನೋಡೋಣ.”

“ಆಯ್ತು ಸಾರ್,” ಎಂದುಬಿಟ್ಟೆ. ಒಳಗಿನ ಲೆಕ್ಕಾಚಾರವನ್ನೂ ಹೇಳಿಬಿಡುತ್ತೇನೆ. ಈಗ ಅವರ ಮನಸ್ಸು ಕೆಡಿಸಿದರೆ ನನ್ನ ಹೆಸರಿಗೆ ಕಲ್ಲು ಬೀಳುತ್ತದೆ ಎಂಬ ಭಯ. ಕಿಟಕಿಯಾಚೆ ಹಸುಗಳು ಹೋಗುತ್ತಲೇ ಇದ್ದವು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಗುರುವಾರ, ಭಾಷಣ

ಇಪ್ಪತ್ತು ಜನರಿದ್ದರು. ಸಾರ್ ಕೋಟು ಹಾಕಿ ಲಕ್ಷಣವಾಗಿ ಮಾತಾಡಿದರು. ಬಂದವರಿಗೆ ಕಾಫಿ ತರಿಸಿ ಮಗಳ ಪರೀಕ್ಷೆ ವಿಚಾರಿಸುವ ಸಿದ್ದಾಪುರದ ಕಾರ್ಯದರ್ಶಿಯನ್ನೂ ಹೊಗಳಿದರು. ಪಾಠ ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಆ ಮಾತು ಈಗಲೂ ಹೇಳುತ್ತೇನೆ. ಮುಗಿದ ಮೇಲೆ ಮಾರ್ಲೀಸ್ ಕೈ ಎತ್ತಿದಳು.

“ವಾಸು, ಪರಿಶೀಲನೆಯಲ್ಲಿ ಇರುವವರು ಅಂತ ಒಂದು ಗುಂಪು ಬಿಟ್ಟಿದ್ದೀರಿ. ಅವರಲ್ಲಿ ಆಮೇಲೆ ಎಷ್ಟು ಜನಕ್ಕೆ ಸಾಲ ಸಿಕ್ಕಿತು?”

ಸಾರ್ ನನ್ನ ಕಡೆ ತಿರುಗಿದರು. “ವಿಮಲಾ, ಆ ಫಾರಂ ಎಲ್ಲ ನಿನ್ನ ಹತ್ರಾನೇ ಅಲ್ವೇನಮ್ಮ? ಹೇಳು.”

‘ಊರಿಗೆ ಹೋಗಿ ನೋಡಿ ಇಮೇಲ್ ಮಾಡ್ತೀವಿ’ ಎಂಬ ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಹಾಗಂದಿದ್ದರೆ ಎಲ್ಲರೂ ಕಾಫಿಗೆ ಏಳುತ್ತಿದ್ದರು. ಸಾರ್ ಮಾನ ಉಳಿಯುತ್ತಿತ್ತು, ನನ್ನ ಹೆಸರಿನ ಆಸೆಯೂ ಉಳಿಯುತ್ತಿತ್ತು. ಎದ್ದು ನಿಂತೆ.

“ನಾನು ಮತ್ತೆ ಹೋಗಿ ವಿಚಾರಿಸಿದ ಒಬ್ಬರಿಗೂ ಸಿಕ್ಕಿರಲಿಲ್ಲ,” ಎಂದೆ. “ಅವರಿಗೆ ಕೊಡುವುದಿಲ್ಲ ಎಂದು ತೀರ್ಮಾನವಾಗಿತ್ತು. ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ. ನಾನು ಬರೆದುಕೊಂಡ ರೀತಿಯೇ ತಪ್ಪು.”

ಸಾರ್ ನೀರಿನ ಲೋಟ ಎತ್ತಿ, ಕುಡಿಯದೆ ಇಟ್ಟರು. ಮಾರ್ಲೀಸ್ ಮಾತ್ರ ಬರೆದುಕೊಳ್ಳುತ್ತಲೇ ಹೇಳಿದಳು, “ಹಾಗಾದರೆ ಪುಸ್ತಕದ ಮುಖ್ಯ ಮಾತು ತಪ್ಪು. ಆದರೆ ಈಗ ನೀವು ಹೇಳಿದ್ದು ನನಗೆ ಅದಕ್ಕಿಂತ ದೊಡ್ಡ ವಿಷಯ ಅನ್ನಿಸುತ್ತದೆ. ಯಾರು ಎಷ್ಟು ದಿನ ಕಾದರು, ಕಾದು ಏನು ಕಳೆದುಕೊಂಡರು ಅನ್ನುವುದನ್ನು ಬರೆದುಕೊಂಡಿದ್ದೀರಾ?”

“ಫಾರಂಗಳ ಹಿಂಭಾಗದಲ್ಲಿ ಬರೆದಿದ್ದೇನೆ,” ಎಂದೆ. ಸಾರ್‌ಗೆ ಅದೂ ಗೊತ್ತಿರಲಿಲ್ಲ. ಅವರು ಯಾವತ್ತೂ ಹಾಳೆ ತಿರುಗಿಸಿದವರಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಬ್ಯಾಂಕಿನವರೊಬ್ಬರು ಎದ್ದರು. “ನಾವು ಐದು ನಿಮಿಷದಲ್ಲಿ ಇಲ್ಲ ಅನ್ನುತ್ತೇವೆ, ನಿಜ. ಆದರೆ ಹಾಗೆ ಹೋದವರು ಎಷ್ಟೋ ಜನ ಮತ್ತೆ ನಮ್ಮ ಬಾಗಿಲಿಗೆ ಬರುವುದಿಲ್ಲ. ಮಗಳ ಪರೀಕ್ಷೆ ಹೇಗಾಯಿತು ಎಂದು ಕೇಳುವ ನಿಮ್ಮ ಆ ಕಾರ್ಯದರ್ಶಿಯ ಹತ್ತಿರ ನಮ್ಮ ಪೀಟರ್ ಒಂದು ವಾರ ಕೂತು ಬಂದರೆ ತಪ್ಪಿಲ್ಲ,” ಎಂದರು. ಸಾರ್ ಮುಖಕ್ಕೆ ಕೊಂಚ ಜೀವ ಬಂತು.

ನನಗೆ ಬೆರಗಾಗಿದ್ದು ಆಮೇಲಿನದು. ಹೊರಗೆ ಬಂದದ್ದೇ ಮಾರ್ಲೀಸ್ ಸಾರ್ ತೋಳು ಹಿಡಿದು, ಏನೂ ನಡೆದೇ ಇಲ್ಲವೆಂಬಂತೆ, ದೋಸೆಗೆ ಅಕ್ಕಿ ಎಷ್ಟು ಉದ್ದು ಎಷ್ಟು ಎಂದು ಕೇಳತೊಡಗಿದಳು. ಪುಸ್ತಕ ತಪ್ಪು ಎಂದಿದ್ದಳು, ಮನುಷ್ಯ ತಪ್ಪು ಎಂದಿರಲಿಲ್ಲ. ನಮ್ಮಲ್ಲಾದರೆ ಇಷ್ಟಕ್ಕೆ ಎರಡು ಮನೆಗಳ ನಡುವೆ ಮಾತು ನಿಂತುಹೋಗುತ್ತಿತ್ತು.

ಶುಕ್ರವಾರ, ವಿಮಾನದಲ್ಲಿ

ನಮ್ಮಿಬ್ಬರ ನಡುವೆಯೂ ಮಾತು ನಿಂತಿತ್ತು. ಕಾಲುವೆಯ ದಂಡೆಯಲ್ಲಿ ನಡೆದಾಗ ಸಾರ್ ನಾಲ್ಕು ಹೆಜ್ಜೆ ಮುಂದಿದ್ದರು. ವಿಮಾನ ನಿಲ್ದಾಣದಲ್ಲಿ ತಮ್ಮ ಚೀಲ ತಾವೇ ಎತ್ತಿಕೊಂಡರು. ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ವಿಮಾನ ಮೇಲೇರಿ, ಬೆಲ್ಟಿನ ದೀಪ ಆರಿದ ಮೇಲೆ ಬಾಯಿ ತೆರೆದರು.

“ವಿಮಲಾ, ನಿನ್ನ ಹೆಸರು ಹಾಕಲ್ಲ ಕಣಮ್ಮ.”

ನಾನು ಅವರ ಕಡೆ ತಿರುಗಿದೆ.

“ನಿನ್ನೆ ನೀನು ಮಾತಾಡ್ದೆ ಅನ್ನೋ ಸಿಟ್ಟಿಗಲ್ಲ. ಮೊದಲಿಂದ್ಲೂ ಹಾಕೋ ಯೋಚನೆ ಇರ್ಲಿಲ್ಲ. ನನಗೆ ಅರವತ್ತೊಂಬತ್ತು. ಇದೇ ಕೊನೇ ಪುಸ್ತಕ, ಒಬ್ಬನ ಹೆಸರೇ ಇರ್ಲಿ ಅಂತ ಆಸೆ. ದುರಾಸೆ ಅಂತ್ಲೇ ಇಟ್ಕೋ. ನೀನು ಬೇಜಾರು ಮಾಡ್ಕೋಬಾರ್ದು ಅಂತ...” ಅಲ್ಲಿಗೆ ನಿಲ್ಲಿಸಿದರು. “ಇಲ್ಲ, ಬೇಜಾರು ಮಾಡ್ಕೋ. ನ್ಯಾಯವಾಗಿದೆ.”

ಅಳು ತಡೆಯಲಾಗಲಿಲ್ಲ. ಗಗನಸಖಿ ಬಂದು ನೀರು ಕೊಟ್ಟು ಹೋದಳು. ಒಂಬತ್ತು ವರ್ಷ ಕಪ್ಪು ತೊಳೆದದ್ದು, ಮಳೆಯಲ್ಲಿ ನೆನೆದದ್ದು, ಎಲ್ಲ ಹೊಟ್ಟೆಯೊಳಗಿಂದ ಉಕ್ಕಿ ಬಂತು. ಮುಖ ಒರೆಸಿಕೊಂಡು, “ಹಂಗಾದ್ರೆ ನನ್ನ ಫಾರಂಗಳನ್ನ ಕೊಡಲ್ಲ ಸಾರ್” ಎಂದೆ. ಅವರೆದುರು ಅಂಥ ಮಾತು ಆಡಿದ್ದು ಅದೇ ಮೊದಲು. ವಿಚಿತ್ರವೆಂದರೆ ಎದೆ ಹಗುರಾಯಿತು. ನನ್ನ ಹೆಸರು ಬರುವುದಿಲ್ಲ ಎಂದು ಗೊತ್ತಾಗಿತ್ತು. ಇನ್ನು ಅದರ ದಾರಿ ಕಾಯಬೇಕಾಗಿರಲಿಲ್ಲ.

ಆಮೇಲೆ ನಾವು ಜಗಳವಾಡಿದೆವು. ಊಟ ಬಂತು, ತಣ್ಣಗಾಯಿತು, ತಟ್ಟೆ ಹೋಯಿತು. ನೀನು ಆ ಫಾರಂಗಳ ವಿಚಾರ ಮೊದಲೇ ಹೇಳಬೇಕಿತ್ತು ಎಂದರು, ನಾನು ಒಪ್ಪಿದೆ. ಲಲಿತಮ್ಮನವರ ಗುರುವಾರಗಳ ಕಥೆ ಹೇಳಿ, ನೀವು ಒಂದು ದಿನವಾದರೂ ಹಾಳೆ ತಿರುಗಿಸಿ ನೋಡಬೇಕಿತ್ತು ಎಂದೆ, ಅವರು ಒಪ್ಪಿದರು. ಪಕ್ಕದ ಸೀಟಿನವನು ಕಿವಿಗೆ ಹತ್ತಿ ತುರುಕಿಕೊಂಡ. ಕೊನೆಗೆ ಸಾರ್ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಆ ಪುಸ್ತಕ ಅಚ್ಚಿಗೆ ಕಳಿಸಲ್ಲ. ತಪ್ಪು ಅಂತ ಗೊತ್ತಾದ್ಮೇಲೆ ನನ್ನ ಹೆಸರು ಹೊತ್ಕೊಂಡು ಅದು ಓಡಾಡೋದು ಬೇಡ. ಕಾದ್ರಲ್ಲ, ಆ ಲಲಿತಮ್ಮ, ಅಂಥೋರು, ಅವರ ಪುಸ್ತಕ ನೀನು ಬರಿ. ಓಡಾಟ ನಿಂದು, ಫಾರಂ ನಿಂದು, ಹಾಳೆ ಹಿಂದೆ ಬರ್ಕೊಂಡಿರೋದೂ ನಿಂದೇ. ಕರಡು ಬೇಕಾದ್ರೆ ನಾನು ನೋಡ್ಕೊಡ್ತೀನಿ.”

ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ. ಇಷ್ಟು ದೊಡ್ಡ ಮಾತು ಆಡಲು ಅವರಿಗೆ ಎಷ್ಟು ಕಷ್ಟವಾಯಿತು ಎಂಬುದು ಅವರ ಕುತ್ತಿಗೆಯ ನರದಲ್ಲೇ ಕಾಣುತ್ತಿತ್ತು.

ಸ್ವಲ್ಪ ಹೊತ್ತು ಬಿಟ್ಟು, ಕಿಟಕಿಯ ಕಡೆ ಮುಖ ಮಾಡಿ, ಸಂಘದ ಕಾರ್ಯದರ್ಶಿಯ ಎದುರು ಕೂತವರ ದನಿಯಲ್ಲಿ ಕೇಳಿದರು, “ಅದರಲ್ಲಿ... ದೊಡ್ಡದಾಗಿ ಬೇಡ, ಕೆಳಗೆ ಎಲ್ಲಾದ್ರೂ, ಸಣ್ಣಕ್ಷರದಲ್ಲಿ, ನನ್ನ ಹೆಸರೂ ಇರುತ್ತೇನಮ್ಮ?”

ಆಪರೇಷನ್ ಆದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನನ್ನ ಗುರುಗಳು. ಅಯ್ಯೋ ಅನ್ನಿಸಿತು, ನಿಜವಾಗಿ ಅನ್ನಿಸಿತು. ‘ನೋಡೋಣ ಸಾರ್’ ಎಂಬ ಮಾತು ತುಟಿಯವರೆಗೆ ಬಂದಿತ್ತು.

“ಇಲ್ಲ ಸಾರ್,” ಎಂದೆ. “ಯಾಕೆ ಅಂತ ಈಗ್ಲೇ ಹೇಳ್ತೀನಿ, ಕೇಳಿ.”